ಬಿಳಿ ಬಟ್ಟೆ ಸಂಜೆಗೆ

ಮಂಗಳವಾರ, ಹದಿನಾಲ್ಕನೇ ತಾರೀಖು
ಆಸ್ಪತ್ರೆಯ ಲ್ಯಾಬ್, ಊಟದ ಬಿಡುವು

ಮಾಸ್ಟರಿಗೆ,

ಹೊಲಿಗೆ ಅಂಗಡಿಗೆ ಬರುವವರೆಲ್ಲ ನಿಮ್ಮನ್ನು ಹಾಗೇ ಕರೆಯುವುದರಿಂದ ನಾನೂ ಹಾಗೇ ಶುರು ಮಾಡಿದ್ದೇನೆ. ಹನ್ನೊಂದು ವರ್ಷ ಬೇರೆ ಬೇರೆ ಇದ್ದು ಈಗ ಇನ್ನೇನು ಪದ ಹಾಕಿದರೂ ಅಳತೆ ತಪ್ಪಿದ ಕೋಟಿನಂತೆ ತೋಳಿನಲ್ಲಿ ಬಿಗಿಯುತ್ತದೆ. ಕ್ಷೇಮವೇ ಎಂದು ಕೇಳುವ ಪದ್ಧತಿ ಇದೆ. ನೀವು ಕ್ಷೇಮವಾಗಿಲ್ಲ ಎಂದು ಗೊತ್ತಾಗಿರುವುದರಿಂದಲೇ ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಉಳಿದದ್ದನ್ನು ಓದದೆ ಹರಿದು ಹಾಕಿದರೂ ಈ ಪ್ಯಾರಾ ಒಂದನ್ನು ಓದಿ. ನಿಮ್ಮ ತಂಗಿ ಭಾನುವಾರ ಫೋನ್ ಮಾಡಿದ್ದಳು. ನೀವು ಆಸ್ಪಿರಿನ್ ಮಾತ್ರೆ ನಿಲ್ಲಿಸಿ ಒಂಬತ್ತು ದಿನವಾಯಿತು ಎಂದಳು. ಮಾತ್ರೆಯ ಹಾಳೆಯನ್ನು ಗುಂಡಿ ಡಬ್ಬಿಯೊಳಗೆ ಎಸೆದು ಮುಚ್ಚಳ ಹಾಕಿದ್ದೀರಂತೆ. ನಿಮ್ಮ ಹೃದಯದ ನಾಳದಲ್ಲಿ ಎರಡು ಸ್ಟೆಂಟ್ ಇವೆ. ಮೊದಲ ವರ್ಷ ಜೊತೆಗಿದ್ದ ಇನ್ನೊಂದು ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದ್ದಾರೆ, ಈಗ ಕಾವಲಿಗೆ ಉಳಿದಿರುವುದು ಇದೊಂದೇ. ಅದನ್ನೂ ಬಿಟ್ಟರೆ ನಾಳದೊಳಗೆ ರಕ್ತ ಹೆಪ್ಪುಗಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ. ಆದ್ದರಿಂದ ಈ ಸಾಲು ಮುಗಿದ ಕೂಡಲೇ ಎದ್ದು ಹೋಗಿ ಒಂದು ಮಾತ್ರೆ ನುಂಗಿ ಬನ್ನಿ. ಹೊಟ್ಟೆ ಖಾಲಿಯಿದ್ದರೆ ಎರಡು ಬಿಸ್ಕತ್ತು ತಿಂದು ನುಂಗಿ. ಹೌದು, ಬಿಸ್ಕತ್ತು ತಿನ್ನಿ ಎಂದು ನಾನೇ ಬರೆಯುತ್ತಿದ್ದೇನೆ. ಇದು ನನ್ನ ಸ್ವಂತ ವೈದ್ಯವಲ್ಲ. ಹೃದಯದ ಡಾಕ್ಟರನ್ನು ನಿನ್ನೆ ಕೇಳಿದ್ದೇನೆ, ಅವರು ಹೇಳಿದ್ದನ್ನೇ ಬರೆದಿದ್ದೇನೆ.

ನುಂಗಿದಿರಿ ಎಂದುಕೊಂಡು ಮುಂದುವರಿಸುತ್ತೇನೆ.

ನಿಮ್ಮಿಂದ ಎರಡು ಸಲ ತೆಗೆದ ರಕ್ತದಲ್ಲಿ ನಾವು ಏನು ಮಾಡಿದೆವು ಎಂದು ನಿಮಗೆ ಯಾರೂ ಹೇಳಿರಲಾರರು. ನಮ್ಮದು ಮೂರನೇ ಮಹಡಿಯ ಮೂಲೆಯ ಕೋಣೆ. ಒಂದು ಉದ್ದ ಮೇಜು, ಎರಡು ಯಂತ್ರ, ಐದು ನಿಮಿಷ ಮುಂದಿರುವ ಗೋಡೆ ಗಡಿಯಾರ. ಬೇರೆ ಪರೀಕ್ಷೆಗಳ ರಕ್ತವೆಲ್ಲ ಕೆಳಗಿನಿಂದ ಗಾಳಿಯ ಕೊಳವೆಯಲ್ಲಿ ಸುಯ್ಯೆಂದು ಬಂದು ಬುಟ್ಟಿಗೆ ಬೀಳುತ್ತದೆ. ಈ ಪರೀಕ್ಷೆಯ ನೀಲಿ ಮುಚ್ಚಳದ ಟ್ಯೂಬುಗಳನ್ನು ಮಾತ್ರ ಕೈಯಲ್ಲಿ ಹಿಡಿದು, ಅಲುಗಾಡಿಸದೆ, ಮೆಟ್ಟಿಲು ಹತ್ತಿ ತರಬೇಕು. ಕುಲುಕಿದರೆ ಒಳಗಿನ ಪ್ಲೇಟ್‌ಲೆಟ್ ಕಣಗಳು ಸಿಟ್ಟಾಗಿ ಕಾರಣವಿಲ್ಲದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ವಭಾವದಲ್ಲಿ ಅವು ನಿಮ್ಮ ಹಾಗೆ, ಬಹುಶಃ ನನ್ನ ಹಾಗೆಯೂ.

ಗಾಯವಾದಾಗ ಅಂಟಿಕೊಂಡು ರಕ್ತ ನಿಲ್ಲಿಸುವುದು ಆ ಕಣಗಳ ಕೆಲಸ. ಬೆರಳಿನಲ್ಲಿ ಅದು ಉಪಕಾರ, ಹೃದಯದ ಸಣ್ಣ ನಾಳದಲ್ಲಿ ಅದೇ ಅಪಾಯ. ಆಸ್ಪಿರಿನ್ ಅವುಗಳ ಅಂಟು ಕಳೆಯುತ್ತದೆ. ನಾವು ರಕ್ತವನ್ನು ಮೆಲ್ಲಗೆ ತಿರುಗಿಸಿ, ಮೇಲೆ ನಿಲ್ಲುವ ಮಸುಕು ಹಳದಿ ನೀರನ್ನು ಬೇರ್ಪಡಿಸಿ, ಅದಕ್ಕೆ ಕಣಗಳನ್ನು ಕೆಣಕುವ ಒಂದು ದ್ರವ ಹಾಕಿ, ಬೆಳಕು ಹಾಯಿಸಿ ನೋಡುತ್ತೇವೆ. ಮಾತ್ರೆ ಕೆಲಸ ಮಾಡುತ್ತಿದ್ದರೆ ಕಣಗಳು ಸುಮ್ಮನಿರುತ್ತವೆ, ನೀರು ಮಸುಕಾಗಿಯೇ ಇರುತ್ತದೆ, ಯಂತ್ರ ಅಡ್ಡಗೆರೆ ಎಳೆಯುತ್ತದೆ. ಕೆಲಸ ಮಾಡದಿದ್ದರೆ ಕಣಗಳು ಗಂಟುಗಟ್ಟಿ ನೀರು ತಿಳಿಯಾಗುತ್ತದೆ, ಗೆರೆ ಮೇಲಕ್ಕೆ ಏರುತ್ತದೆ. ಹೋಲಿಸಿ ನೋಡಲು ಪ್ರತಿ ಸಲವೂ ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ ಆರೋಗ್ಯವಂತರೊಬ್ಬರ ರಕ್ತವನ್ನು ಪಕ್ಕದಲ್ಲಿಟ್ಟು ಪರೀಕ್ಷಿಸುತ್ತೇವೆ. ಬೇರೆ ಯಾರನ್ನು ಕೇಳುವುದೆಂದು ವರ್ಷಗಟ್ಟಲೆಯಿಂದ ನನ್ನ ರಕ್ತವನ್ನೇ ಕೊಡುತ್ತಿದ್ದೇನೆ.

ಮೊದಲ ಸಲ, ಸೋಮವಾರ ಬೆಳಿಗ್ಗೆ, ನೀವು ಬರಿಹೊಟ್ಟೆಯಲ್ಲಿ ಬಂದಿರಿ. ತಿಂಡಿಯಾದ ಮೇಲೆ ನುಂಗುವ ಮಾತ್ರೆಯನ್ನು ಅಂದು ಇನ್ನೂ ನುಂಗಿರಲಿಲ್ಲ. ಕೊನೆಯದನ್ನು ಹಿಂದಿನ ದಿನ ಬೆಳಿಗ್ಗೆ ನುಂಗಿದ್ದೆ ಎಂದು ಫಾರಂನಲ್ಲಿ ಬರೆಸಿದ್ದಿರಿ. ನಿಮ್ಮ ಗೆರೆ ಸರ್ರನೆ ಮೇಲೇರಿತು. ನನ್ನ ಗೆರೆಯೂ ಏರಿತು. ಒಂದರ ಮೇಲೊಂದು ಇಟ್ಟರೆ ಯಾವುದು ಮಾತ್ರೆ ತಿನ್ನುವವನದು, ಯಾವುದು ತಿನ್ನದವಳದು ಎಂದು ಗೊತ್ತಾಗುವಂತಿರಲಿಲ್ಲ. ಟ್ಯೂಬಿನ ಮೇಲೆ ನಂಬರು ಮಾತ್ರ ಇರುತ್ತದೆ. ಅದು ನಿಮ್ಮ ರಕ್ತವೆಂದು ನನಗೆ ಗೊತ್ತಾದದ್ದು ಆಮೇಲೆ.

ಫಲಿತಾಂಶದ ಹಾಳೆಯಲ್ಲಿ ಕೊನೆಗೆ ಷರಾ ಎಂಬ ಕಾಲಂ ಇದೆ. ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟಿತ್ತು, ತಡವಾಗಿ ಬಂತು, ಸಾಲದು, ಇಂಥದ್ದನ್ನು ಬರೆಯಲು. ರಕ್ತದ ಬಗ್ಗೆ ಬರೆಯಲು, ಮನುಷ್ಯನ ಬಗ್ಗೆ ಅಲ್ಲ. ನಿಮ್ಮ ಹಾಳೆಯಲ್ಲಿ ಆ ಕಾಲಂನಲ್ಲಿ 'ರೋಗಿ ಮಾತ್ರೆ ಸೇವಿಸುತ್ತಿರುವ ಲಕ್ಷಣ ಇಲ್ಲ' ಎಂದು ಬರೆದಿತ್ತು. ಡಾಕ್ಟರ್ ಮೊದಲು ಓದಿದ್ದು ಅದನ್ನು. ಮೂರು ದಿನ ಬಿಟ್ಟು, ಗುರುವಾರ, ನಿಮ್ಮನ್ನು ಕರೆಸಿ ನರ್ಸ್ ಕಣ್ಣೆದುರೇ ಮಾತ್ರೆ ನುಂಗಿಸಿ, ಒಂದೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿ, ಮತ್ತೆ ರಕ್ತ ತೆಗೆಸಿದರು. ಈ ಸಲ ಗೆರೆ ಹಲಗೆಯಂತೆ ಮಲಗಿತ್ತು. ಆಮೇಲೆ ನಡೆದದ್ದನ್ನು ನಿಮಗೆ ಹೇಳಬೇಕಾಗಿಲ್ಲ. ನುಂಗಿದರೆ ಕೆಲಸ ಮಾಡತ್ತೆ ಕಣ್ರೀ, ನುಂಗಬೇಕಷ್ಟೇ, ಈ ವಯಸ್ಸಲ್ಲಿ ನಮ್ಮ ಹತ್ರ ಸುಳ್ಳು ಹೇಳಿ ಏನು ಸಿಗತ್ತೆ ನಿಮಗೆ ಅಂತ ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಡಾಕ್ಟರ್ ಅಂದರಂತೆ. ನೀವು ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದಿರಂತೆ. ಡಬ್ಬಿ ಈಗ ನನ್ನ ಡ್ರಾಯರಿನಲ್ಲಿದೆ.

ಮರುದಿನದಿಂದ ಮಾತ್ರೆ ಬಂದ್. ತಿಂದ್ರೂ ತಿಂದಿಲ್ಲ ಅಂತಾರೆ, ತಿನ್ನದೇ ಆ ಹೆಸರು ಇಟ್ಕೊಳ್ತೀನಿ ಬಿಡು ಅಂತ ತಂಗಿಗೆ ಹೇಳಿದಿರಂತೆ. ನಿಮ್ಮ ಸಿಟ್ಟು ನನಗೆ ಹೊಸದಲ್ಲ. ಸಿಟ್ಟು ಬಂದಾಗ ನೀವು ಎದುರಿಗಿರುವವರನ್ನು ಬಿಟ್ಟು ನಿಮ್ಮ ಮೇಲೆಯೇ ಕತ್ತರಿ ಆಡಿಸುತ್ತೀರಿ.

ಈಗ ಸೂಜಿ ಚುಚ್ಚಿಸಿಕೊಳ್ಳುವ ನಿಮ್ಮ ಬೆರಳಿನ ವಿಷಯಕ್ಕೆ ಬರುತ್ತೇನೆ. ಆ ಗುರುವಾರ ಬೆಂಚಿನ ಮೇಲೆ ಕೂತಿದ್ದಾಗ ರಕ್ತ ತೆಗೆಯುವ ನರ್ಸಿನ ಹತ್ತಿರ ನೀವು ಏನೋ ಹೇಳಿದಿರಿ. ಅವಳು ಅದನ್ನು ಚಹಾದ ಹೊತ್ತಿನಲ್ಲಿ ನಮಗೆಲ್ಲ ತಮಾಷೆಯಾಗಿ ಹೇಳಿದಳು. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಮಧ್ಯಾಹ್ನದ ತನಕ ಸೂಜಿ ಚುಚ್ಚಿದರೆ ರಕ್ತ ನಿಲ್ಲೋದೇ ಇಲ್ಲ ಸಿಸ್ಟರ್, ಬಿಳಿ ಬಟ್ಟೆ ಮುಟ್ಟೋ ಹಾಗಿಲ್ಲ, ಸಂಜೆಗೆ ಚುಚ್ಚಿದರೆ ಒರೆಸೋದರೊಳಗೆ ನಿಂತಿರತ್ತೆ, ಅದಕ್ಕೇ ಬಿಳಿ ಬಟ್ಟೆಯ ಕೈಹೊಲಿಗೆಯೆಲ್ಲ ಸಂಜೆಗೇ ಇಟ್ಕೊಂಡಿದ್ದೀನಿ, ಅಂದಿರಂತೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ಮನಸ್ಸಿನಲ್ಲೇ ಎಣಿಕೆ ಹಾಕಿದೆ: ಬಿಳಿ ಬಟ್ಟೆಗೆ ಕಲೆಯಾಗುತ್ತದೆಂದು ಹೆದರಿ ಮನುಷ್ಯ ಮಾತ್ರೆಯನ್ನೇ ತಪ್ಪಿಸುತ್ತಿದ್ದಾನೆ, ಸಿಕ್ಕಿಬಿದ್ದ. ಇಪ್ಪತ್ತಾರು ವರ್ಷ ಇದೇ ಮೇಜಿನಲ್ಲಿ ಕೆಲಸ ಮಾಡಿದವಳ ತಲೆಗೆ ಹೊಳೆದದ್ದು ಅಷ್ಟೇ.

ಭಾನುವಾರ ನಿಮ್ಮ ತಂಗಿ ಇನ್ನೊಂದು ಮಾತು ಹೇಳದಿದ್ದರೆ ಈಗಲೂ ಅಲ್ಲೇ ನಿಂತಿರುತ್ತಿದ್ದೆ. ಅಣ್ಣ ಈಗ ಬೇಗ ಕೆಲಸ ಮುಗಿಸ್ತಾನೆ ಅತ್ತಿಗೆ, ಬಿಳಿ ಬಟ್ಟೆನೂ ಬೆಳಿಗ್ಗೆನೇ ಹೊಲೀತಾನೆ, ಅಂದಳು. ಅವಳು ಅದನ್ನು ಒಳ್ಳೆಯ ಸುದ್ದಿಯೆಂಬಂತೆ ಹೇಳಿದಳು. ನಾನು ಸರಿ ಎಂದು ಫೋನ್ ಇಟ್ಟು, ಪಾತ್ರೆ ತೊಳೆದು, ಬಟ್ಟೆ ಮಡಚಿದೆ. ಮಡಚುವ ಬಟ್ಟೆಯಲ್ಲಿ ನನ್ನ ಬಿಳಿ ಕೋಟೂ ಇತ್ತು. ಆಸ್ಪತ್ರೆಯ ಕೋಟುಗಳೆಲ್ಲ ನಾಲ್ಕು ವರ್ಷದಿಂದ ನಿಮ್ಮ ಅಂಗಡಿಯಿಂದಲೇ ಬರುತ್ತವೆ. ಕಾಜಾಗಳನ್ನು ಯಂತ್ರಕ್ಕೆ ಬಿಡದೆ ಕೈಯಲ್ಲೇ ಹಾಕುವವರು ಇನ್ನು ಯಾರಿದ್ದಾರೆ? ನಾನು ಅದರ ಅಂಚು ಮಗುಚಿ, ಜೇಬಿನ ಒಳಮೈ ಹೊರಗೆಳೆದು, ಕಾಲರಿನ ಕೆಳಗೆ ನೋಡಿದೆ. ಒಣಗಿದ ರಕ್ತದ ಕಂದು ಚುಕ್ಕೆ ಒಂದೂ ಇರಲಿಲ್ಲ.

ಆಗ ಅರ್ಥವಾಯಿತು. ಮೊದಲಿಂದಲೂ ನೀವು ಮಾತ್ರೆ ತಪ್ಪಿಸುತ್ತಿದ್ದರೆ ಬಿಳಿ ಬಟ್ಟೆಯನ್ನು ಸಂಜೆಗೆ ಎತ್ತಿಡುವ ಗರಜೇ ಇರಲಿಲ್ಲ. ಈಗ ಹೊಲಿಯುವಂತೆ ಆಗಲೂ ಬೆಳಿಗ್ಗೆಯೇ ಹೊಲಿಯುತ್ತಿದ್ದಿರಿ. ನೀವು ಪ್ರತಿದಿನವೂ ನುಂಗಿದ್ದೀರಿ. ಬೆಳಿಗ್ಗೆ ಅದು ಕೆಲಸ ಮಾಡಿದೆ, ಸಂಜೆಗೆ ಕೈಬಿಟ್ಟಿದೆ, ಮರುದಿನ ಬೆಳಗಾಗುವಷ್ಟರಲ್ಲಿ ರಕ್ತ ಮಾತ್ರೆ ತಿನ್ನದವರ ರಕ್ತದಂತಾಗಿದೆ. ನಾವು ಒಂದು ಸಲ ಮಾತ್ರೆಗೆ ಮೊದಲು ನೋಡಿದೆವು, ಒಂದು ಸಲ ಮಾತ್ರೆಯಾದ ಮೇಲೆ ನೋಡಿದೆವು. ನಡುವಿನದನ್ನು ನಿಮ್ಮ ಬೆರಳು ಮಾತ್ರ ನೋಡಿತ್ತು.

ಹೀಗಾಗುವುದು ಇದೆ, ಹೊಸದೇನಲ್ಲ. ನಿಮ್ಮಂತೆ ಸಕ್ಕರೆ ಕಾಯಿಲೆಯೂ ಹೃದಯದ ಕಾಯಿಲೆಯೂ ಒಟ್ಟಿಗಿರುವ ಕೆಲವರಲ್ಲಿ ಆಸ್ಪಿರಿನ್ ಎಷ್ಟು ಕೆಲಸ ಮಾಡಬೇಕೋ ಅಷ್ಟು ಮಾಡುವುದಿಲ್ಲ. ಕಾರಣಗಳು ಒಂದೆರಡಲ್ಲ, ಎಲ್ಲ ಗೊತ್ತಿರುವವರೂ ಇಲ್ಲ. ಒಂದು ಕಾರಣ ನಿಮ್ಮ ಮೇಜಿನ ಲೆಕ್ಕದಲ್ಲಿ ಹೇಳುತ್ತೇನೆ. ನೀವು ಬೆಳಿಗ್ಗೆ ಮೇಜಿನ ಮೇಲಿರುವ ಬಟ್ಟೆಗಳಿಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಸೀಮೆಸುಣ್ಣವನ್ನು ಒಳಗಿಡುತ್ತೀರಿ. ಗುರುತು ಬಿದ್ದ ಬಟ್ಟೆಯಲ್ಲಿ ಅದು ಕೊನೆತನಕ ಇರುತ್ತದೆ. ಆದರೆ ಮಧ್ಯಾಹ್ನ ಹೊಸ ಬಟ್ಟೆಯ ಗಂಟು ಬಂದರೆ ಅದರಲ್ಲಿ ಗುರುತಿಲ್ಲ. ಮಾತ್ರೆಯೂ ಹಾಗೆಯೇ, ಕೆಲವೇ ಗಂಟೆ ರಕ್ತದಲ್ಲಿದ್ದು, ಆಗ ಸಿಕ್ಕ ಕಣಗಳನ್ನೆಲ್ಲ ಮುಟ್ಟಿ ಹೊರಟುಹೋಗುತ್ತದೆ. ಸಾಮಾನ್ಯವಾಗಿ ಹೊಸ ಕಣಗಳು ನಿಧಾನವಾಗಿ ಬರುತ್ತವೆ, ಮರುದಿನದ ಮಾತ್ರೆಯ ತನಕ ಹೇಗೋ ಸಾಗುತ್ತದೆ. ಸಕ್ಕರೆ ಇರುವ ಕೆಲವರಲ್ಲಿ ಅವು ಗಡಿಬಿಡಿಯಲ್ಲಿ ಬರುತ್ತವೆ. ನಿಮ್ಮ ಒಳಗಿನ ಕಾರ್ಖಾನೆ ಮದುವೆಯ ಹಂಗಾಮಿನ ಅಂಗಡಿಯ ಹಾಗೆ ಓಡುತ್ತಿದೆ ಎಂದುಕೊಳ್ಳಿ.

ನಿನ್ನೆ ಬೆಳಿಗ್ಗೆ ನಾನು ಡಾಕ್ಟರ ಕೋಣೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಪುರುಸೊತ್ತಿಲ್ಲದವರು. ಬೆರಳಿನ ಕಥೆ ಕೇಳಿ ಪೆನ್ನು ಕೆಳಗಿಟ್ಟರು. ಇದನ್ನ ಅವರು ನಂಗ್ಯಾಕೆ ಹೇಳಲಿಲ್ಲ ಅಂದರು. ನೀವು ಕೇಳಲಿಲ್ಲ ಸರ್, ನಾವೂ ಕೇಳಲಿಲ್ಲ ಅಂದೆ. ಬೆರಳಿನ ಮಾತೊಂದರ ಮೇಲೆ ಔಷಧ ಬದಲಿಸಲಾಗದು, ಅಳೆದು ನೋಡಲೇಬೇಕು ಎಂದರು. ಅದು ನ್ಯಾಯವೇ. ಕನಿಷ್ಠ ಏಳು ದಿನ ನೀವು ಎಂದಿನಂತೆ ಮಾತ್ರೆ ನುಂಗಬೇಕು. ಎಂಟನೆಯ ದಿನವೇ ಪರೀಕ್ಷೆ ಆಗುತ್ತಿತ್ತು, ಆದರೆ ಯಂತ್ರ ಆ ದಿನ ಬೇರೆಯವರಿಗೆ ಮೀಸಲಾಗಿದೆ. ಆದ್ದರಿಂದ ಇಪ್ಪತ್ಮೂರನೇ ತಾರೀಖು, ಗುರುವಾರ, ಬೆಳಿಗ್ಗೆ ಏಳಕ್ಕೆ ಬನ್ನಿ. ಆಸ್ಪತ್ರೆಯಲ್ಲೇ ತಿಂಡಿ, ಮಾತ್ರೆ. ಒಂಬತ್ತಕ್ಕೆ ಒಂದು ಸಲ ರಕ್ತ, ಸಂಜೆ ಏಳಕ್ಕೆ ಒಂದು ಸಲ, ಮರುದಿನ ಬೆಳಿಗ್ಗೆ ಮಾತ್ರೆಗೆ ಮೊದಲು ಒಂದು ಸಲ. ನಾವು ಅಂದುಕೊಂಡಂತೆ ಬಂದರೆ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಡಾಕ್ಟರ್ ಬರೆಯಬಹುದು, ಅಥವಾ ಬೇರೆ ಮಾತ್ರೆಗೆ ಬದಲಿಸಬಹುದು. ಅದು ಅವರ ತೀರ್ಮಾನ. ನೀವಾಗಿ ಎರಡು ನುಂಗಲು ಹೋಗಬೇಡಿ, ಹೊಟ್ಟೆಯೊಳಗೆ ರಕ್ತ ಒಸರಿದರೆ ಅದು ಬೆರಳಿನಂತೆ ಹೊರಗೆ ಕಾಣುವುದಿಲ್ಲ. ಹಾಗೆಯೇ ಈ ನಡುವೆ ಎದೆ ಬಿಗಿದರೆ ಗುರುವಾರಕ್ಕೆ ಕಾಯದೆ ಆ ಕ್ಷಣವೇ ಬನ್ನಿ.

ಊಟದ ಬಿಡುವು ಮುಗಿಯಿತು. ಬುತ್ತಿ ಡಬ್ಬಿ ತೆರೆಯಲೇ ಇಲ್ಲ.

ಅದೇ ದಿನ, ಸಂಜೆ ಐದು

ಮೇಲಿನದನ್ನು ಈಗ ಮತ್ತೆ ಓದಿದೆ. ಒಂದು ಕಡೆ ಸುಳ್ಳು ಬರೆದಿದ್ದೇನೆ. ಹೊಡೆದು ಹಾಕಿದರೆ ಅಂದವಾಗಿ ಕಾಣುತ್ತದೆ, ಅದಕ್ಕೇ ಹೊಡೆದು ಹಾಕುವುದಿಲ್ಲ.

ಅದು ನಿಮ್ಮ ರಕ್ತವೆಂದು ನನಗೆ ಆಮೇಲೆ ಗೊತ್ತಾದದ್ದಲ್ಲ. ನರ್ಸ್ ಟ್ಯೂಬುಗಳನ್ನು ಕೈಗಿಡುವಾಗಲೇ ನಮ್ಮ ಕೋಟು ಹೊಲಿಯೋ ಮಾಸ್ಟರ್‌ದು ಮೇಡಂ ಅಂದಿದ್ದಳು. ನಾನು ನಿಮಗೆ ಯಾರು ಎಂದು ಅವಳಿಗೆ ಗೊತ್ತಿಲ್ಲ, ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪರಿಚಯದವರ ರಕ್ತ ಬಂದರೆ ಬೇರೆಯವರ ಕೈಗೆ ದಾಟಿಸಬೇಕು ಎಂಬುದು ನಮ್ಮ ಕೋಣೆಯ ಕಟ್ಟುಪಾಡು. ಕಿರಿಯ ಟೆಕ್ನಿಷಿಯನ್ ಪಕ್ಕದಲ್ಲೇ ಖಾಲಿ ಕೂತಿದ್ದಳು. ನಾನು ದಾಟಿಸಲಿಲ್ಲ. ಗೆರೆ ಮೇಲೇರುತ್ತಿದ್ದಾಗ ನನಗೆ ಗಾಬರಿಯಾಗಬೇಕಿತ್ತು, ಎರಡು ಸ್ಟೆಂಟ್ ಇರುವ ಮನುಷ್ಯನ ರಕ್ತ ಅದು. ನನಗೆ ಆದದ್ದು ಸಮಾಧಾನ. ಹನ್ನೊಂದು ವರ್ಷದ ಹಿಂದೆ ನಾನು ಹೇಳಿದ್ದೇ ನಿಜವಾಯಿತು ಎಂಬ ಸಮಾಧಾನ. ಷರಾ ಬರೆದ ಕೈ ನನ್ನದು. ಮೇಲೆ 'ಬರೆದಿತ್ತು' ಎಂದು ಬರೆದು ನುಣುಚಿಕೊಂಡಿದ್ದೇನೆ.

ಹನ್ನೊಂದು ವರ್ಷದ ಹಿಂದಿನದನ್ನು ನೀವು ಮರೆತಿರಲಾರಿರಿ, ಆದರೂ ನನ್ನ ಕಡೆಯಿಂದ ಒಮ್ಮೆ ಹೇಳಿ ಮುಗಿಸುತ್ತೇನೆ. ಗುಂಡಿ ಡಬ್ಬಿಯ ತಳದಲ್ಲಿ ಚಾಕೊಲೇಟ್ ಸುತ್ತಿದ್ದ ಬಣ್ಣದ ಕಾಗದಗಳು ಸಿಕ್ಕಿದ್ದವು, ಹದಿನೇಳು. ಅದಕ್ಕೆ ಮೊದಲು ನೀವು ಒಂದೂ ತಿಂದಿಲ್ಲ ಎಂದು ಆಣೆ ಮಾಡಿದ್ದಿರಿ. ಹದಿನೇಳು ಕಾಗದ ನಾನು ಕಲ್ಪಿಸಿಕೊಂಡದ್ದಲ್ಲ. ಅಲ್ಲಿಂದ ನಾನು ನಿಮ್ಮ ಮಾತು ಕೇಳುವುದನ್ನು ಬಿಟ್ಟು ನಿಮ್ಮ ರಕ್ತವನ್ನು ಕೇಳಲು ಶುರು ಮಾಡಿದೆ. ವಾರಕ್ಕೊಮ್ಮೆ ಬೆರಳು ಚುಚ್ಚಿ, ಸಕ್ಕರೆ ಎಷ್ಟೆಂದು ಚೀಟಿ ಬರೆದು, ಅಡುಗೆಮನೆಯ ಬಾಗಿಲಿಗೆ ಅಂಟಿಸುತ್ತಿದ್ದೆ. ಇನ್ಸ್‌ಪೆಕ್ಟರ್ ಬಂದ್ರು ಅಂತ ನೀವು ಹೆಸರಿಟ್ಟಿರಿ. ಮೊದಮೊದಲು ನಾವಿಬ್ಬರೂ ಅದಕ್ಕೆ ನಗುತ್ತಿದ್ದೆವು.

ಕೊನೆಯ ಚೀಟಿಯ ದಿನ ನಂಬರು ಎಂದಿಗಿಂತ ದುಪ್ಪಟ್ಟು ಬಂತು. ಈ ಸಲ ನಿಜವಾಗ್ಲೂ ಏನೂ ತಿಂದಿಲ್ಲ ಕಣೇ ಅಂದಿರಿ. ನಾನು ಚೀಟಿ ಹಿಡಿದು ಅಂಗಡಿಗೇ ಬಂದು, ಇಬ್ಬರು ಗಿರಾಕಿಗಳ ಮುಂದೆ, ನಿಮ್ಮ ತಂಗಿಯ ಮುಂದೆ ಗಟ್ಟಿಯಾಗಿ ಓದಿದೆ. ನೀವು ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿಟ್ಟು, ನನ್ನ ಮಾತಿಗೆ ಈ ಮನೇಲಿ ಬೆಲೆ ಇಲ್ಲ, ನನ್ನ ರಕ್ತಕ್ಕೆ ಮಾತ್ರ ಇದೆ, ಹಾಗಾದ್ರೆ ಅದ್ರ ಜೊತೆಗೇ ಸಂಸಾರ ಮಾಡು ಅಂದಿರಿ. ಆ ವಾರವೇ ನಾನು ಎರಡು ಪೆಟ್ಟಿಗೆ ತೆಗೆದುಕೊಂಡು ಆಸ್ಪತ್ರೆಯ ಹಿಂದಿನ ಬಾಡಿಗೆ ಕೋಣೆಗೆ ಬಂದೆ.

ಆ ಚೀಟಿಗೆ ನಾಲ್ಕು ದಿನ ಮೊದಲು ನೀವು ಭುಜ ಹಿಡಿದುಕೊಂಡಿದೆಯೆಂದು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದಿರಿ. ಆ ಇಂಜೆಕ್ಷನ್ ಕೆಲವು ದಿನ ಸಕ್ಕರೆಯನ್ನು ಏರಿಸುತ್ತದೆ. ಅದು ನನಗೆ ಆಗಲೂ ಗೊತ್ತಿತ್ತು. ಬೇರೆ ಯಾರದಾದರೂ ರಕ್ತವಾಗಿದ್ದರೆ ಮೊದಲ ಪ್ರಶ್ನೆಯೇ ಅದಾಗಿರುತ್ತಿತ್ತು. ಏರಿದ್ದು ಇಂಜೆಕ್ಷನ್ನಿಂದಲೋ ಚಾಕೊಲೇಟಿನಿಂದಲೋ ಈಗ ಹೇಳಲು ಬರುವುದಿಲ್ಲ. ಆದರೆ ನಾನು ಕೇಳಲಿಲ್ಲ. ಇದು ನನಗೆ ಎಷ್ಟೋ ವರ್ಷದಿಂದ ಗೊತ್ತು, ಬರೆಯುತ್ತಿರುವುದು ಇವತ್ತು.

ನಿನ್ನೆ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ನೀವು ನನ್ನ ಗಂಡ ಎಂದೂ, ಷರಾ ಬರೆಯುವ ಹಕ್ಕು ನನಗಿರಲಿಲ್ಲ ಎಂದೂ. ಅವರು ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಸಹಿ ಹಾಕಿದರು. ನನ್ನ ಮೇಲೆ ಲ್ಯಾಬಿನ ಮುಖ್ಯಸ್ಥರಿಗೆ ಒಂದು ಪತ್ರ ಹೋಗುತ್ತದೆ, ಹೋಗಬೇಕಾದದ್ದೇ. ಗುರುವಾರ ಬಂದಾಗ ಡಾಕ್ಟರ್ ನಿಮ್ಮ ಹತ್ತಿರ ಮಾತಾಡುತ್ತೇನೆ ಎಂದಿದ್ದಾರೆ. ಹೊರಗಿನವರಿಗೆ ಕೇಳುವಂತೆ ಮಾತಾಡಿ ಸರ್, ಮೊನ್ನೆಯದೂ ಹಾಗೇ ಕೇಳಿತ್ತಲ್ಲ ಅಂದೆ. ಅವರು ನಗಲಿಲ್ಲ, ಆಯ್ತು ಅಂದರು.

ರಕ್ತ ಪರೀಕ್ಷಿಸುವವಳು ಕಿರಿಯ ಟೆಕ್ನಿಷಿಯನ್. ನಾನು ಆ ದಿನ ಯಂತ್ರದ ಕೋಣೆಗೆ ಕಾಲಿಡುವುದಿಲ್ಲ, ಬೇಕಾದರೆ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂರುತ್ತೇನೆ, ಬೇಡವೆಂದರೆ ಆಚೆ ಬೆಂಚಿನ ಮೇಲೆ.

ಇನ್ನೊಂದು ವಿಷಯ. ಅಲ್ಲಿಯ ತನಕ ದಿನವೂ ನೀವು ನುಂಗುವುದನ್ನು ಯಾರಾದರೂ ನೋಡಿ ಪಟ್ಟಿಯಲ್ಲಿ ಗುರುತು ಹಾಕಬೇಕು ಎಂದು ಡಾಕ್ಟರ್ ಹೇಳಿದ್ದರು. ನಿಮ್ಮ ತಂಗಿ ನಾನು ದಿನಾ ಬೆಳಿಗ್ಗೆ ಹೋಗಿ ನಿಂತು ನುಂಗಿಸ್ತೀನಿ ಅತ್ತಿಗೆ ಅಂದಳು. ಬೇಡ ಎಂದೆ. ಡಾಕ್ಟರಿಗೂ ಬೇಡ ಎಂದೆ. ನುಂಗಿದೆ ಅಂತ ಅವರು ಹೇಳಿದರೆ ಸಾಕು, ಹಾಗೇ ಬರೆದುಕೊಳ್ಳಿ ಎಂದೆ. ಪಟ್ಟಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ, ಗುರುತು ನೀವೇ ಹಾಕಿಕೊಳ್ಳಿ. ಯಾರೂ ನಿಮ್ಮ ಬಾಗಿಲಲ್ಲಿ ನಿಂತಿರುವುದಿಲ್ಲ.

ಗುರುವಾರದ ಗೆರೆ ನಾವು ಅಂದುಕೊಂಡಂತೆ ಬರದೆಯೂ ಇರಬಹುದು. ಸಂಜೆಯೂ ಅದು ಮಲಗಿಯೇ ಇರಬಹುದು, ಆಗ ಡಾಕ್ಟರ್ ಬೇರೆ ಕಾರಣ ಹುಡುಕುತ್ತಾರೆ. ನನಗೆ ಅದು ಮುಖ್ಯವಲ್ಲವೆಂದಲ್ಲ, ನಿಮ್ಮ ಜೀವಕ್ಕೆ ಅದು ಬಹಳ ಮುಖ್ಯ. ಆದರೆ ನೀವು ಪ್ರತಿದಿನ ನುಂಗಿದ್ದೀರಿ ಎಂಬುದನ್ನು ನಂಬಲು ನನಗೆ ಆ ಗೆರೆ ಬೇಕಾಗಿಲ್ಲ. ಅದಕ್ಕೇ ನಂಬರು ಬರುವ ಮೊದಲೇ ಬರೆದು ಕಳಿಸುತ್ತಿದ್ದೇನೆ. ಬಂದ ಮೇಲೆ ಬರೆದಿದ್ದರೆ ಅದು ಇನ್ನೊಂದು ಚೀಟಿಯಾಗುತ್ತಿತ್ತು.

ತಪ್ಪು ನನ್ನದು. ನೀವು ಸಾಯಬಹುದಿತ್ತು. ಈ ಎರಡು ಸಾಲನ್ನು ಬರೆಯಲು ಮಧ್ಯಾಹ್ನದಿಂದ ಸುತ್ತು ಹಾಕುತ್ತಿದ್ದೇನೆ.

ನಿಮ್ಮ ತಂಗಿ ಆರಕ್ಕೆ ಗೇಟಿನ ಹತ್ತಿರ ಬರುತ್ತಾಳೆ. ಕನ್ನಡಕದ ಡಬ್ಬಿಯನ್ನು ಅವಳ ಕೈಯಲ್ಲಿ ಕಳಿಸುವುದಿಲ್ಲ. ಗುರುವಾರ ಬಂದಾಗ ತೆಗೆದುಕೊಳ್ಳಿ.

ಕೆಲಸ ಬಿಟ್ಟ,
ನಿಮ್ಮ ಇನ್ಸ್‌ಪೆಕ್ಟರ್

ತಾಜಾ ಕಲಂ: ನಿನ್ನೆ ಆ ಸೋಮವಾರದ ಪರೀಕ್ಷೆಯಲ್ಲಿ ಇನ್ನೆಲ್ಲಿ ತಪ್ಪಿರಬಹುದು ಎಂದು ಒಂದೊಂದನ್ನೇ ಮತ್ತೆ ನೋಡಿದೆ. ದ್ರವ ಸರಿಯಿತ್ತು, ಯಂತ್ರ ಸರಿಯಿತ್ತು. ಉಳಿದದ್ದು ಹೋಲಿಕೆಗೆ ಇಟ್ಟ ರಕ್ತ, ಅಂದರೆ ನನ್ನದು. ವರ್ಷಗಟ್ಟಲೆ ಅದರ ಫಾರಂನಲ್ಲಿ 'ಆರೋಗ್ಯವಂತರು' ಎಂದು ನಾನೇ ಗುರುತು ಹಾಕಿಕೊಂಡಿದ್ದೆ, ಅದು ನಿಜವೇ ಎಂದು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ನಿನ್ನೆ ಪರೀಕ್ಷಿಸಿದೆ, ನಂಬದೆ ಇವತ್ತು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಇನ್ನೊಮ್ಮೆ ಮಾಡಿಸಿದೆ. ಸಕ್ಕರೆ ಇದೆ. ಸ್ವಲ್ಪವಲ್ಲ, ಮೂರು ತಿಂಗಳ ಸರಾಸರಿಯೂ ಅದನ್ನೇ ಹೇಳುತ್ತದೆ. ಇದರಿಂದ ನಿಮ್ಮ ಫಲಿತಾಂಶ ಬದಲಾಗುವುದಿಲ್ಲ, ಹೆದರಬೇಡಿ. ಕಿರಿಯ ಟೆಕ್ನಿಷಿಯನ್ ಚೀಟಿ ನೋಡಿ, ರಾತ್ರಿ ಏನಾದ್ರೂ ಸಿಹಿ ತಿಂದ್ರಾ ಮೇಡಂ ಅಂದಳು. ಇಲ್ಲ ಅಂದೆ. ಅವಳು ಚೀಟಿಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಸುಮ್ಮನೆ ತಲೆಯಾಡಿಸಿದಳು. ನಾನು ನಿಜವಾಗಿಯೂ ಏನೂ ತಿಂದಿರಲಿಲ್ಲ. ನಿಮಗೆ ಹೇಳಿದರೆ ನಂಬುತ್ತೀರಿ ಎಂದು ಬರೆದೆ.